ತೊಳೆದ ಬೀಜ

ಅಪ್ಪಾ,

ನಿಮ್ಮ ಕಾಮಕಸ್ತೂರಿ ಗಿಡ ನೀವು ತೀರಿಕೊಂಡ ಬೇಸಿಗೆಯಲ್ಲೇ ಒಣಗಿತು. ಅದರ ತೆನೆಗಳನ್ನು ಏಕಸಂಬಿಯ ನಿಮ್ಮ ಮನೆಯಿಂದ ನಿಪ್ಪಾಣಿಯ ನನ್ನ ಮನೆಗೆ ತಂದು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ಬೀಜ ತೆಗೆದೆ. ಅಲ್ಲಿಗೆ ಬಿಡಬಹುದಿತ್ತು. ಬಿತ್ತುವ ಮೊದಲು ಧೂಳು ಹೋಗಲಿ ಎಂದು, ಅಕ್ಕಿ ತೊಳೆಯುವ ಹಾಗೆ, ಎಲ್ಲವನ್ನೂ ನೀರಿಗೆ ಹಾಕಿದೆ. ನೋಡುತ್ತಿದ್ದಂತೆ ಒಂದೊಂದು ಕಾಳೂ ಬಿಳಿ ಲೋಳೆಯೊಳಗೆ ಉಬ್ಬಿಕೊಂಡಿತು. ಬೇರೆ ಬೀಜ ನನ್ನ ಹತ್ತಿರ ಇರಲಿಲ್ಲ.

ನಿಮ್ಮ ಅಕ್ಕ ದುಂಡವ್ವ ಬಟ್ಟಲಿಗೆ ಇಣುಕಿ ನಕ್ಕರು. "ಫಾಲೂದಾ ಮಾಡಾಕತ್ತೀಯೇನ ಬೇ? ಇಂಗ್ಲಿಷ್ ಸಾಲಿ ಕಲತು ಬೀಜ ತೊಳಿತಾರೇನ?"

"ಕೆಟ್ಟು ಹೋದುವೇನ್ರಿ ಅತ್ತಿ?"

"ನನಗೇನ ಗೊತ್ತ! ಮಣ್ಣಾಗ ಹಾಕಿ ನೋಡು. ನನ್ನ ತಮ್ಮನ ಗಿಡ ಅದು, ಹಟ ಬಿಡೂದಿಲ್ಲ."

ಲೋಳೆಯ ಸಮೇತ ಚಮಚದಿಂದ ಕುಂಡದ ಮಣ್ಣಿನ ಮೇಲೆ ಹರಡಿದೆ. ಹುಟ್ಟಿದವು ಅಪ್ಪಾ. ಇವತ್ತು ಬೆಳಿಗ್ಗೆ ಒಂದು ಸಸಿಯ ಎಳ್ಳಿನಷ್ಟು ಎಲೆಯನ್ನು ಬೆರಳಿನಿಂದ ಸವರಿ ಮೂಸಿದೆ. ನೀವು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಎಲೆಯ ಅದೇ ವಾಸನೆ, ಒಂದಿಷ್ಟೂ ಕಡಿಮೆಯಿಲ್ಲ. ಬೀಜಕ್ಕೆ ಆ ವಾಸನೆ ಇರಲಿಲ್ಲ, ನಾನು ಮೂಸಿ ನೋಡಿದ್ದೆ. ಹಾಗಾದರೆ ಅದು ಇಷ್ಟು ದಿನ ಎಲ್ಲಿತ್ತು? ಪುಸ್ತಕದಲ್ಲಿ ಓದಿದ ಉತ್ತರ ನನಗೆ ಗೊತ್ತಿದೆ. ಗೊತ್ತಿದ್ದರೂ ಬೆರಳನ್ನು ಮತ್ತೆ ಮತ್ತೆ ಮೂಸಿದೆ.

ಕೆಲಸಕ್ಕೆ ತಡವಾಗುತ್ತಿದೆ, ಕುಂಡದ ಮುಂದಿನಿಂದ ಏಳಲು ಮನಸ್ಸಿಲ್ಲ. ನಿಮ್ಮ ಪಕ್ಕದಲ್ಲಿ ಎಂದಾದರೂ ಇಷ್ಟು ಹೊತ್ತು ಸುಮ್ಮನೆ ಕೂತಿದ್ದೆನೇ ಎಂದು ನೆನಪಿಸಿಕೊಳ್ಳುತ್ತಿದ್ದೇನೆ.