ಸೊಟ್ಟ ಕ್ಯಾಮೆರಾ

ನಂದೀಶ,

ನೀನು ತೀರಿಹೋಗಿ ವರ್ಷವಾಯಿತು. ಆದರೂ ಈ ಸಿಟ್ಟನ್ನು ಇನ್ಯಾರಿಗೆ ಬರೆಯಲಿ?

ನಿನ್ನೆ ಗದಗಿನಲ್ಲಿ ನಮ್ಮ ಗೆಳೆಯ ಅಂದಾನಪ್ಪನ ಜೊತೆ ಸೂಪರ್‌ಹೀರೋ ಸಿನಿಮಾ ನೋಡಿದೆ. ಕ್ಯಾಮೆರಾ ನೆಲದಿಂದ ಓರೆಯಾಗಿ ನೋಡುತ್ತಿತ್ತು. ಪರದೆ ಕಾಮಿಕ್ಸ್ ಪುಟದಂತೆ ಚೌಕಗಳಾಗಿ ಒಡೆಯಿತು. ಅಂದಾನಪ್ಪ ಶಿಳ್ಳೆ ಹೊಡೆದ! ಲಕ್ಷ್ಮೇಶ್ವರದಲ್ಲಿ ಅವನ ಮದುವೆಯ ವಿಡಿಯೊವನ್ನು ನೀನು ಹೀಗೆಯೇ ತೆಗೆದಾಗ, "ಕ್ಯಾಮೆರಾ ಯಾಕ ಸೊಟ್ಟ ಹಿಡದೀಲೇ, ಕುಡದೀಯೇನು?" ಎಂದು ಬೀಗರೆದುರು ನಗಾಡಿದವನು ಇವನೇ. ಮಗ್ಗುಲಲ್ಲೇ ಇದ್ದ ನಾನು ನಿನ್ನ ಪರ ಒಂದು ಮಾತೂ ಆಡಲಿಲ್ಲ. ಆಮೇಲೆ ನೀನು ಕ್ಯಾಮೆರಾ ಮುಟ್ಟಲಿಲ್ಲ.

"ಆ ಮದುವಿ ಕ್ಯಾಸೆಟ್ ಎಲ್ಲೈತೋ?" ಎಂದು ಕೇಳಿದೆ.

"ಅದರ ಮ್ಯಾಲ ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡಿದ್ನಲ್ಲೋ," ಎಂದ, ಪರದೆಯಿಂದ ಕಣ್ಣು ತೆಗೆಯದೆ.

ಸಿನಿಮಾ ಮುಗಿಯಿತು. ಕ್ಯಾಮೆರಾ ಹಿಡಿದವರ ಹೆಸರುಗಳು ಬರುತ್ತಿದ್ದವು, ಜನ ಎದ್ದು ಹೊರಟಿದ್ದರು.

"ಕುಂಡ್ರಿ!" ಎಂದು ಕೂಗಿದೆ, ನಂದೀಶ. ಇಡೀ ಥಿಯೇಟರಿಗೆ ಕೇಳುವಂತೆ ಕೂಗಿದೆ.