ಅವರದೇ ಬಸ್ಸಿನ ಕೊನೇ ಸೀಟು

ಅತ್ತೆ,

ಹಾಲು ಕಾಯಿಸಿಟ್ಟಿದ್ದೇನೆ. ಮಾತ್ರೆ ಊಟವಾದ ಮೇಲೆ, ಮೊದಲೇ ನುಂಗಬೇಡಿ. ಟೀಚರಮ್ಮ ಬಂದರೆ ಅವರ ರವಿಕೆ ಮಿಷನ್ ಮೇಲಿದೆ, ಕೊಟ್ಟುಬಿಡಿ. ನಾನು ಬರುವುದು ನಾಳೆ ಸಂಜೆಗೆ.

ನಿಮ್ಮ ಮಗ ಇಪ್ಪತ್ತು ವರ್ಷದಿಂದ ಸಮುದ್ರದೂರಿಗೆ ಟೂರಿಸ್ಟ್ ಬಸ್ ಓಡಿಸುತ್ತಾರೆ. ನನ್ನನ್ನೂ ಕರೆದುಕೊಂಡು ಹೋಗಿ ಎಂದಾಗಲೆಲ್ಲ, "ಅಲ್ಲೇನಿದೆ ಮಣ್ಣು? ಬೆವರು, ನೂಕುನುಗ್ಗಲು, ಹತ್ತು ಭಾಷೆ ಗಲಾಟೆ, ಸುಮ್ನಿರೇ" ಅನ್ನುತ್ತಾರೆ. ಆ ಹತ್ತು ಭಾಷೆ ನನ್ನ ಕಿವಿಗೂ ಬೀಳಲಿ ಎಂದು ಇವತ್ತು ಅವರದೇ ಬಸ್ಸಿನ ಕೊನೇ ಸೀಟಿಗೆ ತಂಗಿಯ ಹೆಸರಲ್ಲಿ ಟಿಕೆಟ್ ತೆಗೆಸಿದ್ದೇನೆ.

ಅವರು ಫೋನ್ ಮಾಡಿದರೆ ನಾನು ಬಚ್ಚಲಲ್ಲಿದ್ದೇನೆ ಅನ್ನಿ. ಅರ್ಧ ದಾರಿಯಲ್ಲಿ ಟೀಗೆ ನಿಲ್ಲಿಸಿ ತಲೆ ಎಣಿಸುವಾಗ ಹೇಗೂ ಸಿಕ್ಕಿಬೀಳುತ್ತೇನೆ. ನಲವತ್ತು ಜನರನ್ನು ಕೂರಿಸಿಕೊಂಡು ಬಸ್ಸು ಹಿಂದಕ್ಕೆ ತಿರುಗಿಸುತ್ತಾರೆಯೇ? ಮುಖ ಊದಿಸಿಕೊಂಡಾದರೂ ಊರು ತೋರಿಸಲೇಬೇಕು.