ಏಳನೇ ನಂಬರಿನ ಕೋಳಿ

೩ ಫೆಬ್ರುವರಿ, ಬೆಳಿಗ್ಗೆ
ಗೂಡು ಬಳಿದೆ. ಏಳು ಕೋಳಿ, ಐದು ಮೊಟ್ಟೆ. ಪಶು ಡಾಕ್ಟರ್ ದಿಲೀಪ ಬಂದಿದ್ದ. ಒಂದೊಂದರ ಕಾಲಿಗೂ ನಂಬರಿನ ಪ್ಲಾಸ್ಟಿಕ್ ಉಂಗುರ ಸುತ್ತಿದ.
"ಕಾಲುಂಗುರ ಹಾಕಿದಿ, ಇವುಕ್ಕ ಗಂಡನ್ನೂ ತೋರ್ಸಪಾ" ಅಂದೆ. ನಗಲಿಲ್ಲ.
ಎಲ್ಲೋ ಕೋಳಿಜ್ವರ ಬಂದಿದೆಯಂತೆ. ಒಂದು ಸತ್ತರೂ ತಿಳಿಸಬೇಕು, ಉಳಿದವನ್ನೆಲ್ಲ ಒಯ್ಯುತ್ತಾರಂತೆ. ಒಯ್ದು ಏನು ಮಾಡುತ್ತಾರೆ, ಕೇಳಲಿಲ್ಲ. ಗೊತ್ತು.

೯ ಫೆಬ್ರುವರಿ
ಬೆಳಿಗ್ಗೆ ಏಳನೇ ನಂಬರು ಕತ್ತು ಇಳಿಬಿಟ್ಟು ಕೂತಿತ್ತು. ಮೊಮ್ಮಗಳು ಪ್ರೇಕ್ಷಾ ಮಡಿಲಲ್ಲಿಟ್ಟುಕೊಂಡು ನೀರು ಕುಡಿಸಿ ಶಾಲೆಗೆ ಹೋದಳು. ಮಧ್ಯಾಹ್ನ ಸತ್ತಿತು. ಮಗ, ಸೊಸೆ ಇಬ್ಬರೂ ಆಫೀಸಿನಲ್ಲಿ. ಉಂಗುರ ಬಿಚ್ಚಿಕೊಂಡೆ. ಚಾಳಿನ ಹಿಂದೆ ಹೂತೆ. ರಿಕ್ಷಾ ಹಿಡಿದು ಹೋಗಿ ಅಂಥದೇ ಕೆಂಪು ಕೋಳಿ ತಂದೆ. ಅದೇ ಉಂಗುರ ಸುತ್ತಿದೆ. ಏಳಕ್ಕೆ ಏಳು.
ಸಂಜೆ ಪ್ರೇಕ್ಷಾ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.
"ಆಜಿ, ಯೇ ಅಪನೀ ನಹೀ ಹೈ." ಶಾಲೆಯ ಹಿಂದಿ ಅವಳದು; ಇದು ನಮ್ಮದಲ್ಲವಂತೆ.
"ನಂಬರ್ ನೋಡ ಬೇ, ಕಣ್ಣಿಲ್ಲೇನು?"
"ನಂಬರ್ ವಹೀ ಹೈ. ಮುರ್ಗೀ ದೂಸ್ರೀ ಹೈ." ನಂಬರು ಅದೇ, ಕೋಳಿ ಬೇರೆಯಂತೆ.
ಒಂಬತ್ತು ವರ್ಷದ್ದು, ಕಣ್ಣು ಮಾತ್ರ ಪೊಲೀಸನದು! ಅವಳ ಕೈ ಎಳೆದು ನನ್ನ ತಲೆ ಮೇಲಿಟ್ಟುಕೊಂಡೆ. "ನನ್ನ ಆಣಿ. ಯಾರ ಮುಂದರ ಬಾಯಿ ಬಿಟ್ಟಿ, ನಿಮ್ಮ ಆಜಿ ಸತ್ತಾಳ ನೋಡು."

೧೧ ಫೆಬ್ರುವರಿ
ದಿಲೀಪ ಬಂದ. ಉಂಗುರ ಓದಿದ, ಟಿಕ್ ಹಾಕಿದ, ಹೋದ. ಪ್ರೇಕ್ಷಾ ಹೊರಗೇ ಬರಲಿಲ್ಲ.

೧೪ ಫೆಬ್ರುವರಿ
ಮಗುವಿನ ಮೈ ಕೆಂಡ. ಕೆಮ್ಮು. ಸೊಸೆ ಪೂನಂ, "ಹವಾ ಬದಲಾಗೇತ್ರಿ, ಅದಕ್ಕ" ಅಂತಾಳೆ. ಹಾಗೇ ಇರಲಿ ದೇವರೇ... ಹಣೆಗೆ ದೇವರ ಅಂಗಾರ ಹಚ್ಚಿದೆ. ಹೂತ ಜಾಗದ ಕಡೆ ಕಣ್ಣು ಹೋಗುತ್ತದೆ. ಎಳೆದುಕೊಳ್ಳುತ್ತೇನೆ.

೧೬ ಫೆಬ್ರುವರಿ, ಮಧ್ಯಾಹ್ನ, ಆಸ್ಪತ್ರೆ
ಮಗುವಿನ ಮೂಗಿಗೆ ನಳಿಕೆ. ಉಸಿರು ಸೀಟಿ ಹೊಡೆಯುತ್ತಿದೆ. ಡಾಕ್ಟರ್ ಬಾಯಿ ಕೇಳಿದಳು, "ಘರ್ ಮೇ ಕೋಯೀ ಮುರ್ಗೀ ಮರೀ ಕ್ಯಾ?" ಮನೆಯಲ್ಲಿ ಕೋಳಿ ಸತ್ತಿತೇ ಅಂತ.
ನಾನು ನಾಲಿಗೆ ಎತ್ತುವ ಮೊದಲೇ ಪೂನಂ, "ನಹೀ ಮೇಡಂ, ಸಾತೋಂ ಹೈ. ನಂಬರ್ ಲಗಾ ಹೈ." ಏಳೂ ಇವೆ, ನಂಬರು ಹಾಕಿದೆ ಅಂದಳು.
ಡಾಕ್ಟರ್ ಬರೆದುಕೊಂಡು ಹೋದಳು. ಪ್ರೇಕ್ಷಾ ನನ್ನನ್ನೇ ನೋಡಿದಳು. ಕೆಮ್ಮು ಒತ್ತಿ ಬಂದರೂ ತುಟಿ ಬಿಗಿಹಿಡಿದಳು. ನಾನು ಸಾಯಬಾರದು ಅಂತ...
ಕಿವಿಗೆ ಬಗ್ಗಿ, "ಆಣಿ ಇಲ್ಲವ್ವಾ, ಬಿಟ್ಟೆ, ಬಿಟ್ಟೆ" ಅಂದೆ. ಕೇಳಿಸಿತೋ ಇಲ್ಲವೋ. ಕಣ್ಣು ಮುಚ್ಚಿದ್ದಾಳೆ.
ಮಗ ಬರಲಿ, ಅವನೆದುರು ಹೇಳಿದರಾಯಿತು — ಇಲ್ಲ, ಇದೂ ನೆವ. ಡಾಕ್ಟರ್ ಬಾಯಿ ಆ ಕೊನೆಯ ಮಂಚದ ಹತ್ತಿರ ಇದ್ದಾಳೆ. ಇತ್ತ ತಿರುಗಿದಳು. ಪೆನ್ನು ಇಡು ಗಿರಿಜವ್ವಾ. ಹೋಗಿ —